ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ದೋಣಿ ಎಂಜಿನ್ನಿನ ಇಂಪೆಲ್ಲರ್ ಪದೇ ಪದೇ ಹಾಳಾಗುವುದೇಕೆ?

ಪ್ರಶ್ನೆ: ನಮ್ಮ ನಾಡದೋಣಿಗೆ 9.9 ಅಶ್ವಶಕ್ತಿಯ ಸೀಮೆಎಣ್ಣೆ ಔಟ್‌ಬೋರ್ಡ್ (ಹಿಂಬದಿಗೆ ಹೊರಗಿನಿಂದ ತೂಗುಹಾಕುವ) ಎಂಜಿನ್ ಇದೆ. ಈ ಮಳೆಗಾಲದಲ್ಲಿ ಎಂಜಿನ್ನನ್ನು ತಂಪಾಗಿಡುವ ನೀರಿನ ಪಂಪಿನ ಇಂಪೆಲ್ಲರ್ (ರಬ್ಬರ್ ರೆಕ್ಕೆಗಳ ಚಕ್ರ) ಮೂರು ಸಲ ಹಾಳಾಯಿತು. ಬಿಡಿಭಾಗ ನಕಲಿ ಇರಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಕೊನೆಯ ಸಲ ತೆಗೆದದ್ದರಲ್ಲಿ ರೆಕ್ಕೆಗಳ ತುದಿ ಸವೆದಿತ್ತು, ಎರಡು ರೆಕ್ಕೆಗಳು ಬುಡದಿಂದಲೇ ಹರಿದುಹೋಗಿದ್ದವು. ಕಾರಣವೇನು?
— ಓದುಗರು, ಗಂಗೊಳ್ಳಿ

ಉತ್ತರ: ಕಳಪೆ ರಬ್ಬರ್ ಬೇಗ ಗಟ್ಟಿಯಾಗಿ ಬಿರಿಯುತ್ತದೆ ಎಂಬುದು ನಿಜ. ಆದರೆ ಒಂದರ ಹಿಂದೆ ಒಂದರಂತೆ ಮೂರು ಇಂಪೆಲ್ಲರ್‌ಗಳು ಹೋದಾಗ ದೋಷವನ್ನು ಅಂಗಡಿಯಲ್ಲಿ ಹುಡುಕುವ ಮೊದಲು ಪಂಪಿನಲ್ಲಿ ಹುಡುಕಬೇಕು. ನೀವು ಹಳೆಯದನ್ನು ಗಮನಿಸಿ ನೋಡಿದ್ದು ಒಳ್ಳೆಯದಾಯಿತು; ಅದರಲ್ಲಿ ಒಂದಲ್ಲ, ಎರಡು ಬೇರೆ ಬೇರೆ ಕಾರಣಗಳ ಗುರುತುಗಳಿವೆ.

ಔಟ್‌ಬೋರ್ಡ್‌ನಲ್ಲಿ ಈ ಪಂಪು ಗೇರ್ ಪೆಟ್ಟಿಗೆಯ ನೆತ್ತಿಯ ಮೇಲೆ, ಪ್ರೊಪೆಲ್ಲರ್‌ಗೆ ಶಕ್ತಿ ಒಯ್ಯುವ ಶಾಫ್ಟಿಗೇ ಸಿಕ್ಕಿಸಿದಂತೆ ಕುಳಿತಿರುತ್ತದೆ. ಪಂಪಿನ ಕವಚದ ನಡುವು ಶಾಫ್ಟಿನ ನಡುವಿಗಿಂತ ತುಸು ಪಕ್ಕಕ್ಕೆ ಇರುವುದರಿಂದ ರಬ್ಬರ್ ರೆಕ್ಕೆಗಳು ಒಂದು ಬದಿಯಲ್ಲಿ ಬಾಗುತ್ತವೆ, ಇನ್ನೊಂದು ಬದಿಯಲ್ಲಿ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಳ್ಳುವಾಗ ನೀರನ್ನು ಒಳಗೆಳೆದು, ಬಾಗುವಾಗ ಮೇಲಕ್ಕೆ ತಳ್ಳುತ್ತವೆ. ರಬ್ಬರ್ ಲೋಹಕ್ಕೆ ಉಜ್ಜುವ ಈ ಜಾಗದಲ್ಲಿ ಜಾರಿಕೆಗೆ ಇರುವುದು ಆ ನೀರೊಂದೇ.

ತುದಿ ಸವೆಯುವುದು ಮರಳಿನ ಕೆಲಸ. ಪಂಚಗಂಗಾವಳಿ ನದಿಯ ಅಳಿವೆಯಲ್ಲಿ ಹೂಳು ತುಂಬಿ ಆಳ ಕಡಿಮೆಯಾದ ಕಡೆ ಪ್ರೊಪೆಲ್ಲರ್ ತಳದ ಮರಳನ್ನು ಕದಡುತ್ತದೆ, ಆ ನೀರೇ ಪಂಪಿಗೆ ಹೋಗುತ್ತದೆ. ಅಲ್ಲಿ ವೇಗ ತಗ್ಗಿಸಿ ದಾಟುವುದರಿಂದ ಸ್ವಲ್ಪ ಉಪಯೋಗವಾದೀತು, ಆದರೆ ಅಳಿವೆಯನ್ನು ದಾಟದೆ ಮೀನುಗಾರಿಕೆ ಇಲ್ಲವಾದ್ದರಿಂದ ಮರಳನ್ನು ಪೂರ್ತಿ ತಪ್ಪಿಸಲಾಗದು. ನಿಮ್ಮ ಕೈಯಲ್ಲಿರುವುದು ಬೇರೊಂದು ಕೆಲಸ. ಇಂಪೆಲ್ಲರ್‌ನ ಕೆಳಗಿರುವ ತೆಳುವಾದ ಸ್ಟೀಲ್ ತಟ್ಟೆಯನ್ನೂ, ಇಂಪೆಲ್ಲರನ್ನು ಸುತ್ತುವರಿದ ಬಟ್ಟಲಿನಂಥ ಲೋಹದ ಕಪ್‌ನ ಒಳಮೈಯನ್ನೂ ಒರೆಸಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ, ಹೊಸ ಇಂಪೆಲ್ಲರ್ ಅರದ ಮೇಲೆ ಉಜ್ಜಿದಂತೆ ಸವೆಯುತ್ತದೆ. ರಬ್ಬರನ್ನು ಮಾತ್ರ ಬದಲಿಸಿ ತಟ್ಟೆ, ಕಪ್, ಸಂದು ಮುಚ್ಚುವ ಗ್ಯಾಸ್ಕೆಟ್‌ಗಳನ್ನು ಹಾಗೆಯೇ ಬಿಡುವುದು ನಮ್ಮ ಕರಾವಳಿಯ ಬಂದರುಗಳಲ್ಲಿ ರೂಢಿಯಾಗಿದೆ. ಉಳಿತಾಯವೆಂದು ಮಾಡುವ ಈ ಕೆಲಸ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದುಬಾರಿಯದು.

ರೆಕ್ಕೆ ಬುಡದಿಂದ ಹರಿಯುವುದಕ್ಕೆ ಸಾಮಾನ್ಯ ಕಾರಣವೆಂದರೆ ಪಂಪು ನೀರಿಲ್ಲದೆ ಓಡುವುದು. ದಡದಲ್ಲಿ ಎಂಜಿನ್ ಹೊತ್ತಿಕೊಳ್ಳುತ್ತದೆಯೇ ಎಂದು ಒಮ್ಮೆ ಹಗ್ಗ ಎಳೆದು ನೋಡುವ ಅಭ್ಯಾಸ ನಿಮ್ಮವರಲ್ಲಿದ್ದರೆ ಅದನ್ನು ಇಂದೇ ನಿಲ್ಲಿಸಬೇಕು, ಏಕೆಂದರೆ ಒಣ ಪಂಪಿನಲ್ಲಿ ರಬ್ಬರ್ ಕೆಡಲು ನಿಮಿಷವೂ ಬೇಕಿಲ್ಲ. ದಡ ಸೇರುವಾಗ ಎಂಜಿನ್ನನ್ನು ಮೇಲಕ್ಕೆ ವಾಲಿಸಿಕೊಂಡು ಓಡಿಸಿದರೂ, ತೆರೆಯ ಹೊಡೆತಕ್ಕೆ ದೋಣಿಯ ಹಿಂಬದಿ ಮತ್ತೆ ಮತ್ತೆ ಎದ್ದರೂ ನೀರು ಹೀರುವ ಕಿಂಡಿ ಗಾಳಿಯನ್ನೇ ಎಳೆಯುತ್ತದೆ. ಎಂಜಿನ್ ಕೂರಿಸಿದ ಎತ್ತರವನ್ನೂ ಅಳೆಯಿರಿ: ಪ್ರೊಪೆಲ್ಲರ್‌ನ ಮೇಲ್ಗಡೆ ಇರುವ ಚಪ್ಪಟೆ ತಟ್ಟೆ ದೋಣಿಯ ತಳದ ಮಟ್ಟದಲ್ಲಿ ಅಥವಾ ಅದಕ್ಕಿಂತ ಸುಮಾರು 1 ಅಂಗುಲ ಕೆಳಗೆ ಇರಬೇಕು. ಹಿಂಬದಿಯ ಹಲಗೆ 20 ಅಂಗುಲ ಎತ್ತರವಿದ್ದು, 15 ಅಂಗುಲದ ಹಲಗೆಗೆಂದು ಮಾಡಿದ ಗಿಡ್ಡ ಶಾಫ್ಟಿನ ಎಂಜಿನ್ ತೂಗುಹಾಕಿದ್ದರೆ ಯಾವ ಕಂಪನಿಯ ಇಂಪೆಲ್ಲರ್ ಹಾಕಿದರೂ ಉಳಿಯದು.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಹರಿದ ಆ ಎರಡು ರೆಕ್ಕೆಗಳು ಎಲ್ಲಿವೆ? ಪಂಪಿನಲ್ಲಿ ಸಿಗದಿದ್ದರೆ ಅವು ನೀರಿನ ಕೊಳವೆ ಹತ್ತಿ ಥರ್ಮೋಸ್ಟಾಟಿನ (ಶಾಖಕ್ಕೆ ತಕ್ಕಂತೆ ನೀರು ಬಿಡುವ ಕವಾಟದ) ಬಳಿಯೋ ಸಿಲಿಂಡರಿನ ಸುತ್ತಲಿನ ಸಣ್ಣ ದಾರಿಗಳಲ್ಲೋ ಸಿಕ್ಕಿಕೊಂಡಿರುತ್ತವೆ. ಆಗ ಮುಂದಿನ ಇಂಪೆಲ್ಲರ್ ಅರ್ಧ ಮುಚ್ಚಿದ ದಾರಿಯ ಎದುರು ನೀರನ್ನು ತಳ್ಳಬೇಕಾಗುತ್ತದೆ, ಎಂಜಿನ್ ಬಿಸಿಯೇರುತ್ತದೆ. ತುಣುಕುಗಳನ್ನು ಜೋಡಿಸಿ ರೆಕ್ಕೆಗಳ ಲೆಕ್ಕ ಸರಿಹೋಗುವವರೆಗೆ ಹುಡುಕಿರಿ. ಪಕ್ಕದ ರಂಧ್ರದಿಂದ ನೀರು ಚಿಮ್ಮುತ್ತಿದೆ ಎಂದು ಸಮಾಧಾನಪಡುವಂತಿಲ್ಲ. ಅಲ್ಲಿ ಬರುವುದು ಒಟ್ಟು ನೀರಿನ ಒಂದು ಪಾಲು ಮಾತ್ರ.

ಹೊಸದನ್ನು ಕೂರಿಸುವಾಗ ಸೋಪಿನ ನೀರು ಇಲ್ಲವೇ ಗ್ಲಿಸರಿನ್ ಸವರಿ, ಫ್ಲೈವೀಲ್ (ಎಂಜಿನ್ನಿನ ಭಾರದ ಚಕ್ರ) ತಿರುಗುವ ದಿಕ್ಕಿಗೇ ತಿರುಗಿಸುತ್ತ ರೆಕ್ಕೆಗಳನ್ನು ಒಳಗಿಡಿ. ಎಂಜಿನ್ ಆಯಿಲ್ ಬೇಡ, ಅದು ನಿಯೋಪ್ರೀನ್ ರಬ್ಬರನ್ನು ಉಬ್ಬಿಸುತ್ತದೆ.

ಪ್ರಶ್ನೆ: ಶರಾವತಿಯಲ್ಲಿ ಓಡುವ ನಮ್ಮ ಪ್ರವಾಸಿ ದೋಣಿಗೆ ಒಳಗೆ ಕೂರಿಸಿದ ಡೀಸೆಲ್ ಎಂಜಿನ್ ಇದೆ. ಮಳೆಗಾಲ ಮುಗಿದು ಮತ್ತೆ ಓಡಿಸಲು ತೊಡಗಿದ ಕೆಲವೇ ದಿನಗಳಲ್ಲಿ ಪ್ರತಿ ವರ್ಷವೂ ಇಂಪೆಲ್ಲರ್ ಒಡೆಯುತ್ತದೆ.
— ಓದುಗರು, ಹೊನ್ನಾವರ

ಉತ್ತರ: ತಿಂಗಳುಗಟ್ಟಲೆ ಬಾಗಿಯೇ ನಿಂತ ರೆಕ್ಕೆ ಆ ಬಾಗನ್ನೇ ಉಳಿಸಿಕೊಳ್ಳುತ್ತದೆ, ಚಾಲೂ ಮಾಡಿದಾಗ ನೀರನ್ನು ಬೇಗ ಎಳೆಯಲಾರದೆ ಒಣಗಿ ಉಜ್ಜಿ ಒಡೆಯುತ್ತದೆ. ದೋಣಿ ನಿಲ್ಲಿಸುವ ದಿನವೇ ಇಂಪೆಲ್ಲರನ್ನು ಹೊರತೆಗೆದು ಬಿಸಿಲು ತಾಗದ ಕಡೆ ಇಡಿ, ತೆಗೆದದ್ದನ್ನು ಚೀಟಿಯಲ್ಲಿ ಬರೆದು ಚಾಲಕನ ಕಣ್ಣಿಗೆ ಬೀಳುವಂತೆ ಕೀಲಿಗೇ ಕಟ್ಟಿಡಿ.

ಹಾಗೆ ಮಾಡಿದ ಮೇಲೂ ಒಡೆದರೆ ಹೀರುವ ದಾರಿಯನ್ನು ನೋಡಬೇಕು. ನೀರಿನ ಕವಾಟವನ್ನು ತೆರೆಯದೆ ಚಾಲೂ ಮಾಡುವುದು ಎಲ್ಲರಿಗೂ ಗೊತ್ತಿದ್ದೂ ಆಗುವ ತಪ್ಪು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಎಲೆಗಳೂ ಪ್ಲಾಸ್ಟಿಕ್ ಚೀಲಗಳೂ ತಳದ ಜಾಲರಿಗೆ ಅಂಟಿಕೊಳ್ಳುತ್ತವೆ. ಇವೆರಡಕ್ಕಿಂತ ಮರೆಯಾಗಿರುವುದು ಸೋಸುಪೆಟ್ಟಿಗೆಯ ಮುಚ್ಚಳದ ಹಳೆಯ ರಬ್ಬರ್ ಉಂಗುರ: ಪೆಟ್ಟಿಗೆ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಅಲ್ಲಿ ನೀರು ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಆದ್ದರಿಂದ ಹೊರಗಿನಿಂದ ಏನೂ ಕಾಣದು. ಮುಚ್ಚಳ ಪಾರದರ್ಶಕವಾಗಿದ್ದರೆ ಎಂಜಿನ್ ಓಡುವಾಗ ಒಳಗೆ ಗುಳ್ಳೆಗಳ ಸಾಲು ಕಂಡೀತು. ಹೀರುವ ಬದಿಯ ರಬ್ಬರ್ ಕೊಳವೆಗೆ ಒಳಗೆ ತಂತಿಯ ಸುರುಳಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಸಾದಾ ಕೊಳವೆ ಹೆಚ್ಚಿನ ವೇಗದಲ್ಲಿ ಒಳಕ್ಕೆ ಕುಗ್ಗಿ ನೀರನ್ನು ತಡೆಯುತ್ತದೆ, ಎಂಜಿನ್ ನಿಲ್ಲಿಸಿ ನೋಡುವಷ್ಟರಲ್ಲಿ ಮೊದಲಿನ ಆಕಾರಕ್ಕೆ ಮರಳಿರುತ್ತದೆ.