ನಾಣ್ಯ ಸೊಟ್ಟಗಿದೆ, ಹಾಗಾದರೆ ನಕಲಿಯಾ?

ಪ್ರಶ್ನೆ: ಸ್ಪೇನಿನ ಆಳ್ವಿಕೆಯಲ್ಲಿ ಪೊಟೊಸಿಯಲ್ಲಿ (ಈಗಿನ ಬೊಲಿವಿಯಾದ ಊರು) ಅಚ್ಚಾದ ಎಂಟು ರಿಯಾಲಿನ ಬೆಳ್ಳಿ ನಾಣ್ಯ ಅಂತ ಹೇಳಿ ಒಂದನ್ನು ಮಾರಿದರು. ದುಂಡಗಿಲ್ಲ, ಅಂಚು ಕತ್ತರಿಸಿದ ಹಾಗಿದೆ, ಇಸವಿಯೇ ಕಾಣುವುದಿಲ್ಲ. ನೋಡಿದವರೆಲ್ಲ ಮೋಸ ಹೋಗಿದ್ದೀಯ ಅಂತಾರೆ. ನಿಜವಾ?

ಉತ್ತರ: ಸೊಟ್ಟಗಿದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ನಕಲಿ ಅನ್ನಬೇಡಿ. ಇವನ್ನು ಕಾಬ್ ಅಂತ ಕರೆಯುತ್ತಾರೆ, ಸ್ಪ್ಯಾನಿಷ್‌ನಲ್ಲಿ ಮಕುಕಿನಾ. ಬೆಳ್ಳಿ ಕರಗಿಸಿ ಪಟ್ಟಿ ಮಾಡಿ, ಅದನ್ನು ತುಂಡು ಮಾಡಿ, ತೂಕ ಸರಿಬರುವವರೆಗೆ ಕತ್ತರಿಯಿಂದ ಅಂಚು ಕತ್ತರಿಸುತ್ತಾ ಹೋಗಿ, ಕೊನೆಗೆ ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ತೂಕ ಸರಿ ಇದ್ದರೆ ಸಾಕು, ಆಕಾರ ಯಾರಿಗೂ ಬೇಕಿರಲಿಲ್ಲ. ಅಚ್ಚು ತುಂಡಿಗಿಂತ ದೊಡ್ಡದಿದ್ದರೆ ಇಸವಿ ಹೊರಗೇ ಉಳಿದುಬಿಡುತ್ತಿತ್ತು. ಮೆಕ್ಸಿಕೊದಲ್ಲಿ 1732ರಿಂದ ಯಂತ್ರದ ದುಂಡನೆಯ ನಾಣ್ಯ ಬಂತು, ಆದರೆ ಪೊಟೊಸಿಯಲ್ಲಿ ಸುತ್ತಿಗೆ ಕೆಲಸ 1773ರವರೆಗೂ ನಡೆಯಿತು.

ಕೈಯಲ್ಲಿ ಹೊಡೆದದ್ದಲ್ವಾ, ಹಾಗಾಗಿ ಎರಡು ಕಾಬ್‌ಗಳು ಒಂದೇ ಥರ ಇರುವುದಿಲ್ಲ. ಅದೇ ಆಕಾರ, ಅದೇ ಬಿರುಕು, ಅದೇ ಗೀರು ಇರುವ ಇನ್ನೊಂದು ನಾಣ್ಯ ಎಲ್ಲಾದರೂ ಕಂಡಿತೋ, ಆಗ ಹೆದರಿ. ಯಾರೋ ಒಂದು ನಾಣ್ಯದಿಂದ ಎರಕ ಹೊಯ್ದಿದ್ದಾರೆ ಅಂತ ಅರ್ಥ.

ಈಗ ತೂಕ ನೋಡಿ. ಎಂಟು ರಿಯಾಲ್ 27 ಗ್ರಾಂಗಿಂತ ಸ್ವಲ್ಪ ಜಾಸ್ತಿ ಇರಬೇಕು. ಕಡಿಮೆ ಬಂದ ತಕ್ಷಣ ಎಸೆಯಬೇಡಿ, ಮುಳುಗಿದ ಹಡಗಿನಿಂದ ಬಂದದ್ದಾದರೆ ಉಪ್ಪುನೀರು ಬೆಳ್ಳಿಯನ್ನು ತಿಂದಿರುತ್ತದೆ. 1622ರಲ್ಲಿ ಫ್ಲಾರಿಡಾ ಹತ್ತಿರ ಮುಳುಗಿದ ಅಟೋಚಾ ಹಡಗಿನ ಬೆಳ್ಳಿ ರಾಶಿ ಸಿಕ್ಕಿದ್ದು 1985ರಲ್ಲಿ. ಅಲ್ಲಿಯವರೆಗೂ ಸಮುದ್ರದ ತಳದಲ್ಲೇ ಇತ್ತು.

ಆಮೇಲೆ ಭೂತಗನ್ನಡಿ ಹಿಡಿದು ಅಕ್ಷರ ಹುಡುಕಿ. ನನಗೆ ತುಂಬಾ ಇಷ್ಟದ ಕೆಲಸ ಇದು. P ಅನ್ನುವ ಅಕ್ಷರ ಇದ್ದರೆ ಪೊಟೊಸಿ ಟಂಕಸಾಲೆ. ಹತ್ತಿರದಲ್ಲೇ ಇನ್ನೊಂದು ಅಕ್ಷರ ಇರುತ್ತದೆ, ಅದು ಬೆಳ್ಳಿಯ ಶುದ್ಧತೆ ನೋಡುವ ಪರೀಕ್ಷಕನ ಗುರುತು. ಬೆಳ್ಳಿ ಕೆಟ್ಟರೆ ಅವನೇ ಉತ್ತರ ಕೊಡಬೇಕಿತ್ತು. 1640ರ ದಶಕದಲ್ಲಿ ಪೊಟೊಸಿಯಲ್ಲಿ ತಾಮ್ರ ಬೆರೆಸಿ ದೊಡ್ಡ ಮೋಸ ನಡೆಯಿತು. ದೊರೆಯ ಕಡೆಯವರು ಬಂದು ತನಿಖೆ ಮಾಡಿದರು. ಗೋಮೆಸ್ ದೆ ಲಾ ರೋಚಾ ಅನ್ನುವ ಬೆಳ್ಳಿ ವ್ಯಾಪಾರಿಗೆ 1650ರಲ್ಲಿ ಮರಣದಂಡನೆಯಾಯಿತು. ಜನಕ್ಕೆ ಮತ್ತೆ ನಂಬಿಕೆ ಬರಲಿ ಅಂತ 1652ರಲ್ಲಿ ನಾಣ್ಯದ ಚಿತ್ರವನ್ನೇ ಬದಲಿಸಿ, ಎರಡು ಕಂಬ, ಕೆಳಗೆ ಸಮುದ್ರದ ಅಲೆ ಹಾಕಿದರು. ನಿಮ್ಮದರಲ್ಲಿ ಕಂಬ ಇದೆಯಾ, ಬರೀ ಗುರಾಣಿ ಮತ್ತು ಶಿಲುಬೆ ಇದೆಯಾ ನೋಡಿ. ಇಸವಿ ಕಾಣದಿದ್ದರೂ ಅಚ್ಚಾದ ಕಾಲ ಅಷ್ಟರಲ್ಲೇ ಅರ್ಧ ಗೊತ್ತಾಗುತ್ತದೆ.

ಪ್ರಶ್ನೆ: 1790ರ ಮೆಕ್ಸಿಕೊ ನಾಣ್ಯದಲ್ಲಿ ಸ್ಪೇನಿನ ದೊರೆ ನಾಲ್ಕನೇ ಕಾರ್ಲೋಸ್ ಹೆಸರಿದೆ, ಮುಖ ಮಾತ್ರ ಮೂರನೇ ಕಾರ್ಲೋಸನದು. ಇದಂತೂ ನಕಲಿ ತಾನೇ?

ಉತ್ತರ: ಅಲ್ಲ, ಹಾಗೆ ಇರಲೇಬೇಕು! ಹಳೆಯ ದೊರೆ ತೀರಿಕೊಂಡದ್ದು 1788ರ ಡಿಸೆಂಬರಿನಲ್ಲಿ. ಹೊಸ ದೊರೆಯ ಮುಖದ ಅಚ್ಚು ಸಮುದ್ರ ದಾಟಿ ಬರುವವರೆಗೆ ಹಳೆಯ ಮುಖಕ್ಕೆ ಹೊಸ ಹೆಸರು ಹಾಕಿ ಕೆಲಸ ನಡೆಸಿದರು. 1808ರಲ್ಲಿ ಏಳನೇ ಫರ್ನಾಂಡೊ ದೊರೆಯಾದಾಗಲಂತೂ ಊಹೆಯ ಮೇಲೆ ಕವಚ ತೊಟ್ಟ ಮುಖ ಕೆತ್ತಿ 1811ರವರೆಗೆ ಅದನ್ನೇ ಹೊಡೆದರು.

ಮುಖ ಬಿಡಿ, ಅಂಚು ನೋಡಿ. ಒಂದು ವೃತ್ತ, ಒಂದು ಆಯತ, ಹೀಗೆ ಸಾಲಾಗಿ ಇರಬೇಕು. ಬಿಲ್ಲೆಯನ್ನು ಎರಡು ಪಟ್ಟಿಗಳ ನಡುವೆ ಉರುಳಿಸಿ ಈ ಅಂಚು ಮಾಡುತ್ತಿದ್ದರು, ಒಂದೊಂದು ಪಟ್ಟಿ ಅರ್ಧರ್ಧ ಸುತ್ತು. ಅದಕ್ಕೇ ಎದುರುಬದುರಾಗಿ ಎರಡು ಕಡೆ ಚಿತ್ರ ಒಂದರ ಮೇಲೊಂದು ಬಂದಿರುತ್ತದೆ. ನಕಲಿ ಮಾಡುವವರು ಮುಖಕ್ಕೆ ಪಡುವ ಕಷ್ಟ ಅಂಚಿಗೆ ಪಡುವುದಿಲ್ಲ.

ಇನ್ನೂ ಅನುಮಾನ ಇದ್ದರೆ, ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ತಾಗದ ಹಾಗೆ ಪೂರ್ತಿ ಮುಳುಗಿಸಿ. 27 ಗ್ರಾಂನ ಒಳ್ಳೆ ಬೆಳ್ಳಿ ನಾಣ್ಯವಾದರೆ ಸುಮಾರು 2.6 ಗ್ರಾಂ ತೋರಿಸುತ್ತದೆ. ತಾಮ್ರ, ನಿಕ್ಕಲ್ ಆದರೆ 3ರ ಹತ್ತಿರ ಹೋಗುತ್ತದೆ.

ಪ್ರಶ್ನೆ: ನನ್ನ ನಾಣ್ಯ ಕಪ್ಪಾಗಿದೆ, ಮೇಲೆ ಚೀನೀ ಅಕ್ಷರದ ಸಣ್ಣ ಮುದ್ರೆಗಳೂ ಇವೆ. ಉಜ್ಜಿ ತೆಗೆಯಲಾ?

ಉತ್ತರ: ದಯವಿಟ್ಟು ಬೇಡ! ಆ ಮುದ್ರೆ ಚೀನಾದ ವ್ಯಾಪಾರಿಗಳು ಬೆಳ್ಳಿ ಪರೀಕ್ಷೆ ಮಾಡಿ ಒತ್ತಿದ್ದು. ಅಂಥವನ್ನೇ ಹುಡುಕಿ ಕೂಡಿಡುವವರಿದ್ದಾರೆ. ಕಪ್ಪು ಬಣ್ಣ ಕಾಲದಿಂದ ಬಂದದ್ದು, ಒಮ್ಮೆ ಉಜ್ಜಿದರೆ ಅದರ ಜೊತೆ ಮೇಲ್ಮೈಯೂ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ. ಪಿವಿಸಿ ಇರದ ಕವರಿನಲ್ಲಿ ಹಾಕಿ, ತೇವ ತಾಗದ ಕಡೆ ಇಡಿ.