ಎರಡು ಹೊಳೆ ನಡುವಿನ ನಾಡಿಗೆ ಇಂಗ್ಲಿಷಲ್ಲಿ ಏನಂತಾರೆ?

ಪ್ರಶ್ನೆ: ಸರ್, ನಮ್ಮ ರಾಯಚೂರು ಸೀಮೆ ಬಗ್ಗೆ ಇಂಗ್ಲಿಷಲ್ಲಿ ಓದುವಾಗ ‘ಇಂಟರ್‌ಆಮ್ನಿಯನ್’ ಅಂತ ಒಂದು ಪದ ಬಂತು. ಹೊಳೆ ದಂಡೆಯ ಊರು ಅಂತ ಅರ್ಥನಾ? ಪರೀಕ್ಷೆಯಲ್ಲಿ ಬರೆಯಬಹುದಾ?
– ಪದವಿ ವಿದ್ಯಾರ್ಥಿನಿ, ಲಿಂಗಸುಗೂರು

ಉತ್ತರ: ದಂಡೆ ಅಲ್ಲ ತಂಗಿ, ನಡುವೆ. ಲ್ಯಾಟಿನ್‌ನಲ್ಲಿ ಇಂಟರ್ ಅಂದ್ರೆ ನಡುವೆ, ಆಮ್ನಿಸ್ ಅಂದ್ರೆ ಹೊಳೆ. ಇಟಲಿಯ ತೆರಾಮೊ ಊರಿನ ರೋಮನ್ ಕಾಲದ ಹೆಸರು ಇಂಟರಾಮ್ನಿಯಾ. 1910ರಲ್ಲಿ ಚೆರುಲ್ಲಿ ಅನ್ನುವ ಖಗೋಳ ವಿಜ್ಞಾನಿ ಆ ಊರಿನಿಂದಲೇ ಒಂದು ಕ್ಷುದ್ರಗ್ರಹ ಕಂಡುಹಿಡಿದು ಅದಕ್ಕೂ ಅದೇ ಹೆಸರಿಟ್ಟರು. ಆಕಾಶದಲ್ಲಿ ಯಾವ ಹೊಳೆಯೋ!

ನಿಮ್ಮ ಸೀಮೆಗಂತೂ ಈ ಪದ ಅಳತೆ ಕೊಟ್ಟು ಹೊಲಿಸಿದ ಅಂಗಿ. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ಶಾಸನಗಳಲ್ಲಿ ಇದನ್ನೇ ಎಡೆದೊರೆ ನಾಡು ಅಂದರು, ಆಮೇಲೆ ಪರ್ಷಿಯನ್ನಿನಿಂದ ಬಂದ ದೋಆಬ್ ಅನ್ನೋದು ಬಾಯಿಗೆ ಹತ್ತಿತು. ಕೊಪ್ಪಳ, ಗಂಗಾವತಿಯೂ ಇದರೊಳಗೇ ಬರುತ್ತವೆ. ಬಳ್ಳಾರಿ ಬರಲ್ಲ, ಅದು ತುಂಗಭದ್ರೆಯ ಆಚೆ ಕಡೆ. ಕುರುವಪುರವೂ ಬರಲ್ಲ, ಯಾಕಂದ್ರೆ ಅದನ್ನು ಸುತ್ತಿರೋದು ಕೃಷ್ಣೆ ಒಂದೇ. ಅದು ಬರೀ ನಡುಗಡ್ಡೆ.

ಜಾಸ್ತಿ ಜನ ಎಡವೋದು ಇಲ್ಲಿ: ಎರಡು ಹೊಳೆ ಅಂದ ಕೂಡಲೇ ನೀರು, ಹಸಿರು, ಭತ್ತದ ಗದ್ದೆ ಅಂದುಕೊಂಡುಬಿಡ್ತಾರೆ. ಈ ಪದ ಹೇಳೋದು ಜಾಗ ಎಲ್ಲಿದೆ ಅಂತ ಮಾತ್ರ. ಸಿಂಧನೂರಿನಲ್ಲಿ ಭತ್ತ ಬೆಳೆಯುತ್ತಿರೋದು ಎರಡು ಹೊಳೆ ನಡುವೆ ಇದೆ ಅಂತಲ್ಲ, ತುಂಗಭದ್ರಾ ಎಡದಂಡೆ ಕಾಲುವೆ ಬಂತು ಅಂತ. ಅದೇ ನಡುನಾಡಿನಲ್ಲಿ ಕಾಲುವೆ ಹೋಗದ ಹೊಲದವರು ಈಗಲೂ ಮುಗಿಲು ನೋಡುತ್ತಾ ತೊಗರಿ, ಸಜ್ಜೆ ಬಿತ್ತುತ್ತಾರೆ. ಹಾಗಾಗಿ ನೀರಾವರಿ ಜಮೀನು ಅನ್ನೋ ಅರ್ಥದಲ್ಲಿ ಇದನ್ನು ಬಳಸಿದರೆ ತಪ್ಪು. ಹೊಳೆ ದಂಡೆಗೆ ರೈಪೇರಿಯನ್ ಅಂತ ಬೇರೆ ಪದವೇ ಇದೆ, ನೀನು ಕೇಳಿದ್ದು ಅದನ್ನ.

ಇನ್ನು ಬಳಕೆ. ಸಾಮಾನ್ಯವಾಗಿ ನಾಮಪದದ ಮುಂದೆ ಬರುತ್ತೆ, ‘ಇಂಟರ್‌ಆಮ್ನಿಯನ್ ರೀಜನ್’ ಅನ್ನೋ ಹಾಗೆ. ‘ವೆರಿ’ ಸೇರಿಸೋಕೆ ಹೋಗಬೇಡ, ನಡುವೆ ಇದ್ದರೆ ಇದೆ, ಇಲ್ಲಾಂದ್ರೆ ಇಲ್ಲ, ಅಲ್ವಾ? ಪರೀಕ್ಷೆಗೆ ಮಾತ್ರ ನಾನು ಬೇಡ ಅಂತೀನಿ. ಪದ ಸರಿ ಇದೆ, ಆದರೆ ತೀರಾ ಅಪರೂಪ, ತಿದ್ದುವವರು ಕಾಗುಣಿತ ತಪ್ಪು ಅಂತ ಸುಮ್ನೆ ಕೆಂಪು ಗೀರು ಎಳೆದಾರು. ಇತಿಹಾಸದ ಪೇಪರಿನಲ್ಲಿ, 1520ರ ರಾಯಚೂರು ಯುದ್ಧದ ಬಗ್ಗೆ ಬರೆಯುವಾಗ, ದೋಆಬ್ ಅಂತಲೇ ಬರಿ. ಭೂಗೋಳಕ್ಕಾದರೆ ಇಂಟರ್‌ಫ್ಲೂವಿಯಲ್.