ಪ್ಯಾಕೆಟ್ ಆಹಾರ ಇರಲಿ, ಚೀಲ ಎಲ್ಲಿಟ್ಟಿದ್ದೀರಿ?

ಪ್ರಶ್ನೆ: ನಾವಿರುವುದು ಕಾರವಾರದ ಸದಾಶಿವಗಡದಲ್ಲಿ. ಮೂರು ವರ್ಷದ ನಾಟಿ ನಾಯಿ ಇದೆ, ತೂಕ 15 ಕೆ.ಜಿ. ಬೆಳಿಗ್ಗೆ ನಮ್ಮ ಚಹಾದ ಜೊತೆ ಅದಕ್ಕೆ ಹತ್ತು ಗ್ಲೂಕೋಸ್ ಬಿಸ್ಕತ್ತು ಆಗಲೇಬೇಕು. ಮಧ್ಯಾಹ್ನ ಒಣಮೀನು ಕಲಸಿದ ಅನ್ನ, ರಾತ್ರಿ ಅಂಗಡಿಯಲ್ಲಿ ಸಿಗುವ ನಾಯಿ ಆಹಾರ. ಪ್ಯಾಕೆಟ್‌ನದೆಲ್ಲ ವಿಷ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸಬೇಡಿ. ನಿಮ್ಮ ಮೂರು ಹೊತ್ತಿನ ಪಟ್ಟಿಯಲ್ಲಿ ನನಗೆ ಚಿಂತೆ ಕಡಿಮೆ ಇರುವುದು ರಾತ್ರಿಯದರ ಬಗ್ಗೆಯೇ. ಬೆಳೆದ ನಾಯಿಗೆ ಪೂರ್ಣ ಆಹಾರ ಎಂದು ಚೀಲದ ಮೇಲೆ ಬರೆದಿದ್ದರೆ ಸಾಕು.

ಆದರೆ ಆ ಚೀಲ ಎಲ್ಲಿಡುತ್ತೀರಿ? ನಮ್ಮ ಕರಾವಳಿಯ ಮಳೆಗಾಲದಲ್ಲಿ ಡಬ್ಬದೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ. ಬಾಯಿ ಬಿಚ್ಚಿದ ಚೀಲವಂತೂ ಬೇಗ ಬೂಸ್ಟು ಹಿಡಿಯುತ್ತದೆ. ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಹಾಳು ಮಾಡುವುದು ಲಿವರ್ ಅನ್ನು. ಬಿಸಿ ಮಾಡಿದರೂ ಹೋಗುವುದಿಲ್ಲ, ಎಷ್ಟೋ ಸಲ ಕಣ್ಣಿಗೂ ಕಾಣುವುದಿಲ್ಲ. 2020ರ ಕೊನೆ, 2021ರ ಆರಂಭದಲ್ಲಿ ಅಮೆರಿಕದಲ್ಲಿ ಇದೇ ವಿಷ ಸೇರಿದ ಆಹಾರ ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಯಾಗಿತ್ತು. ಅಲ್ಲಿ ವಿಷ ಕಾರ್ಖಾನೆಯಿಂದಲೇ ಬಂದಿತ್ತು. ಹಾಗಾಗಿ ನಿಮ್ಮ ಪಕ್ಕದ ಮನೆಯವರದ್ದು ಪೂರ್ತಿ ಸುಳ್ಳೂ ಅಲ್ಲ.

ಅಗ್ಗ ಎಂದು ದೊಡ್ಡ ಚೀಲ ತರಬೇಡಿ. ಒಂದು ತಿಂಗಳಲ್ಲಿ ಮುಗಿಯುವಷ್ಟು ತಂದು, ಚೀಲದ ಸಮೇತ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿಡಿ. ಹಳೆಯದರ ಮೇಲೆ ಹೊಸದು ಸುರಿಯಬೇಡಿ. ನಾಯಿ ಮೂಸಿ ಬಿಟ್ಟು ಹೋದರೆ ಮೊಸರು ಕಲಸಿ ಪುಸಲಾಯಿಸುವವರಿದ್ದಾರೆ. ಆ ತಪ್ಪು ಮಾಡಬೇಡಿ, ಅದರ ಮೂಗು ನಮ್ಮದಕ್ಕಿಂತ ಚುರುಕು. ಊಟ ಬಿಟ್ಟು, ವಾಂತಿ ಮಾಡಿ, ಕಣ್ಣು ಅಥವಾ ಒಸಡು ಹಳದಿಯಾದರೆ ಆ ಚೀಲವನ್ನೂ ಹಿಡಿದುಕೊಂಡು ಪಶು ಆಸ್ಪತ್ರೆಗೆ ಓಡಿ.

ಬಿಸ್ಕತ್ತು ವಿಷವಲ್ಲ, ಸುಮ್ನೆ ಮೈದಾ, ಸಕ್ಕರೆ, ಎಣ್ಣೆ. ನಿಮ್ಮ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಸಾಕು. ಹತ್ತು ಬಿಸ್ಕತ್ತಿಗೇ 200 ದಾಟುತ್ತದೆ. ಎರಡಕ್ಕೆ ಇಳಿಸಿ. ಚಾಕೊಲೇಟ್ ಕ್ರೀಮಿನದು ಒಂದೂ ಬೇಡ.

ಒಣಮೀನಿನ ಉಪ್ಪು ನನಗೆ ಇಷ್ಟವಿಲ್ಲ. ಕೊಡಲೇಬೇಕೆಂದರೆ ರಾತ್ರಿಯೆಲ್ಲ ನೆನೆಸಿ, ನೀರು ಎರಡು ಮೂರು ಸಲ ಬದಲಿಸಿ, ಮುಳ್ಳು ತೆಗೆದು ಸ್ವಲ್ಪ ಕೊಡಿ. ಹಸಿ ಬಂಗಡೆ ಸಿಗುವ ಊರಲ್ಲಿ ಒಣದ್ದು ಯಾಕೆ ಬೇಕು, ಅಲ್ವಾ? ಅದನ್ನೇ ಉಪ್ಪಿಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ ಹಾಕಿ. ಮೀನು ಸಾರಿನ ಅನ್ನ ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಪುಡಿ ಮಾಡಿದರೂ ಅಷ್ಟೇ. ಚಿಪ್ಸ್, ನೂಡಲ್ಸ್ ಮಸಾಲೆಯಲ್ಲೂ ಆ ಪುಡಿ ಇರುತ್ತದೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯಲ್ಲಿ ಸಕ್ಕರೆರಹಿತ ಚೂಯಿಂಗ್ ಗಮ್ ಇದ್ದರೆ ಎತ್ತಿಡಿ. ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಇದ್ದು ನಾಯಿ ತಿಂದರೆ ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು. ಆಗ ನನಗೆ ಪತ್ರ ಬರೆದು ಕಾಯುವಷ್ಟು ಹೊತ್ತಿರುವುದಿಲ್ಲ.